ಗಾಫ್‌ಕ್ರೋಮಿಕ್ ಫಿಲ್ಮ್ ನೀರಲ್ಲಿ ಇಟ್ಟು ಅಂಚು ಬೆಳ್ಳಗಾಗಿದೆ, ಇದರ ಡೋಸ್ ರೀಡಿಂಗ್ ನಂಬಬಹುದಾ?

ಬಿಕರ್ನಕಟ್ಟೆ_ಹುಡುಗ

ಎಲ್ರಿಗೂ ನಮಸ್ಕಾರ. ಮಂಗಳೂರಲ್ಲಿ ಒಂದು ರೇಡಿಯೋಥೆರಪಿ ಡಿಪಾರ್ಟ್‌ಮೆಂಟಲ್ಲಿ ಮೆಡಿಕಲ್ ಫಿಸಿಕ್ಸ್ ಪ್ರಾಜೆಕ್ಟ್ ಮಾಡ್ತಾ ಇದ್ದೇನೆ. ಎಚ್‌ಡಿಆರ್ ಬ್ರಾಕಿಥೆರಪಿಯ (ಸಣ್ಣ ರೇಡಿಯೋಆ್ಯಕ್ಟಿವ್ ಸೋರ್ಸನ್ನು ಗಡ್ಡೆಯ ಹತ್ರವೇ ಇಟ್ಟು ಕೊಡುವ ಚಿಕಿತ್ಸೆ) ಇರಿಡಿಯಂ-192 ಸೋರ್ಸ್ ಸುತ್ತ ಡೋಸ್ ಹೇಗೆ ಇಳೀತದೆ ಅಂತ ಫಿಲ್ಮಲ್ಲಿ ಅಳೆದು ಪ್ಲಾನಿಂಗ್ ಸಿಸ್ಟಮ್ ಕೊಡುವ ಲೆಕ್ಕದ ಜೊತೆ ಹೋಲಿಸಿ ನೋಡೋದು, ಅಷ್ಟೇ ಕೆಲಸ. ಟಿಜಿ-43 (ಬ್ರಾಕಿಥೆರಪಿ ಡೋಸ್ ಲೆಕ್ಕದ ಸ್ಟ್ಯಾಂಡರ್ಡ್ ವಿಧಾನ) ಲೆಕ್ಕ ಎಲ್ಲ ನೀರಿನೊಳಗಿನದ್ದೇ ಆದ್ದರಿಂದ ಗೈಡ್ ಹೇಳಿದ್ರು ಸಾಲಿಡ್ ವಾಟರ್ (ನೀರಿನ ಬದಲು ಬಳಸುವ ಪ್ಲಾಸ್ಟಿಕ್ ಸ್ಲ್ಯಾಬ್) ಬೇಡ, ನೀರಿನ ಟ್ಯಾಂಕಲ್ಲೇ ಮಾಡು ಅಂತ.

ಫಿಲ್ಮ್ ಗಾಫ್‌ಕ್ರೋಮಿಕ್ ಇಬಿಟಿ3, ರೇಡಿಯೇಷನ್ ಬಿದ್ದಷ್ಟು ಬಣ್ಣ ಗಾಢ ಆಗುವಂಥದ್ದು, ಸ್ಕ್ಯಾನರಲ್ಲಿ ಓದಿ ಡೋಸ್ ಲೆಕ್ಕ ಹಾಕೋದು. ದೊಡ್ಡ ಶೀಟಿಂದ ಕತ್ತರಿಯಲ್ಲಿ 3 ಸೆಂಟಿಮೀಟರ್ ಚೌಕದ ತುಂಡು ಮಾಡಿ, ಪರ್ಸ್‌ಪೆಕ್ಸ್ ಸ್ಟ್ಯಾಂಡಿಗೆ ಸಿಕ್ಕಿಸಿ ಟ್ಯಾಂಕಲ್ಲಿ ಇಳಿಸಿದ್ದು. ಸಮಸ್ಯೆ ಎಂತ ಅಂದ್ರೆ ಮೆಷಿನ್ ನಮಗೆ ಸಿಗೋದು ಪೇಷಂಟ್‌ಗಳೆಲ್ಲ ಮುಗಿದ ಮೇಲೆ, ಮಧ್ಯೆ ಯಾರಾದ್ರೂ ಬಂದ್ರೆ ಸೆಟಪ್ ಹಾಗೇ ಬಿಟ್ಟು ಹೊರಗೆ ನಿಲ್ಬೇಕು, ಹಾಗಾಗಿ ಸಂಜೆ ನೀರಿಗೆ ಇಳಿಸಿದ ಕೆಲವು ತುಂಡು ಹೊರಗೆ ತೆಗೆಯುವಾಗ ರಾತ್ರಿ ಊಟದ ಹೊತ್ತು ದಾಟಿತ್ತು. ಮಾರನೇ ದಿನ ನೋಡಿದ್ರೆ ನಾಲ್ಕೂ ಅಂಚಲ್ಲಿ ಮಸುಕು ಬಿಳಿ ಪಟ್ಟಿ. ಒಂದು ಮೂಲೆಯಲ್ಲಂತೂ ನಾಲಿಗೆ ಚಾಚಿದ ಹಾಗೆ ಒಳಗೆ ಬಂದಿದೆ. ಬೇಗ ತೆಗೆದ ತುಂಡಲ್ಲಿ ಇದು ಕಾಣೋದೇ ಇಲ್ಲ.

ಈಗ ಕೇಳೋದು ಇಷ್ಟು: ಮಧ್ಯದ ಭಾಗ ಕಣ್ಣಿಗೆ ಸರಿ ಉಂಟು, ಅದನ್ನು ನಂಬಬಹುದಾ? ಒಣಗಿಸಿದ್ರೆ ಮೊದಲಿನ ಹಾಗೆ ಆಗ್ತದಾ? ಅಥವಾ ಎಲ್ಲ ಬಿಸಾಡಿ ಹೊಸತಾಗಿ ಮಾಡ್ಬೇಕಾ? ಫಿಲ್ಮ್ ಬಾಕ್ಸಿನ ರೇಟು ನೋಡಿದ್ರೆ ಗೈಡ್ ಹತ್ರ ಇನ್ನೊಂದು ಬಾಕ್ಸ್ ಕೇಳ್ಲಿಕ್ಕೆ ಧೈರ್ಯ ಸಾಕಾಗೋದಿಲ್ಲ 🙂

---

ಮಣ್ಣಪಳ್ಳ_ಫಿಸಿಸಿಸ್ಟ್

ಬಿಸಾಡ್ಬೇಡಿ ಮಾರಾಯ್ರೇ, ಮೊದಲು ಸ್ಕ್ಯಾನ್ ಮಾಡಿ ಇಡಿ.

ಇಬಿಟಿ3ಯಲ್ಲಿ ಎರಡು ಬದಿ ಪಾಲಿಯೆಸ್ಟರ್ ಹಾಳೆ, ನಡುವೆ ತೆಳು ಆ್ಯಕ್ಟಿವ್ ಲೇಯರ್. ಪಾಲಿಯೆಸ್ಟರ್ ಒಂದೊಂದೂ 125 ಮೈಕ್ರಾನ್, ಆ್ಯಕ್ಟಿವ್ ಲೇಯರ್ 28 ಮೈಕ್ರಾನ್ ಆಸುಪಾಸು. ಮೇಲೆ ಕೆಳಗೆ ನೀರು ಎಷ್ಟು ಬಿದ್ರೂ ಗಂಟೆಗಳ ಲೆಕ್ಕದಲ್ಲಿ ಅಂಥದ್ದೇನೂ ಆಗೋದಿಲ್ಲ, ಪಾಲಿಯೆಸ್ಟರ್ ತಡೀತದೆ. ನೀರು ನುಗ್ಗೋದು ಕತ್ತರಿಸಿದ ಅಂಚಿಂದ, ಯಾಕಂದ್ರೆ ಅಲ್ಲಿ ನಡುವಿನ ಲೇಯರ್ ಬರಿಮೈಯಲ್ಲಿರ್ತದೆ. ಐಡಿ ಕಾರ್ಡಿನ ಲ್ಯಾಮಿನೇಷನ್ ಒಂದು ಮೂಲೆ ಬಿಟ್ಟುಕೊಂಡ್ರೆ ಮಳೆ ನೀರು ಅಲ್ಲಿಂದ ಒಳಗೆ ಹರಡ್ತದಲ್ಲ, ಅದೇ ಕಥೆ. ನಿಮ್ಮ ಮೂಲೆಯ ನಾಲಿಗೆ ಬಹುಶಃ ಕತ್ತರಿಯದ್ದೇ ಕೆಲಸ. ಕತ್ತರಿ ಒತ್ತುವಾಗ ಅಂಚಲ್ಲಿ ಪದರಗಳು ಬಿಟ್ಟುಕೊಳ್ತವೆ, ಕಣ್ಣಿಗೆ ಕಾಣದ ಸಂದು, ನೀರಿಗೆ ಅಷ್ಟು ಸಾಕು. ಆಫೀಸಲ್ಲಿ ಪೇಪರ್ ಕಟ್ ಮಾಡುವ ಗಿಲೋಟಿನ್ ಕಟ್ಟರ್ ಉಂಟಲ್ಲ, ಬ್ಲೇಡ್ ಹರಿತ ಇದ್ರೆ ಅದು ಕತ್ತರಿಗಿಂತ ಎಷ್ಟೋ ವಾಸಿ.

ಇನ್ನು ಮಧ್ಯ ಭಾಗ ನಂಬಬಹುದಾ ಅಂದ್ರೆ, ಎಷ್ಟು ಒಳಗೆ ಬಂದಿದೆ ಅನ್ನೋದ್ರ ಮೇಲೆ. ಅರ್ಧ ಗಂಟೆಯೊಳಗೆ ತೆಗೆದದ್ದರಲ್ಲಿ ಹೆಚ್ಚೇನೂ ಇರೋದಿಲ್ಲ. ಗಂಟೆಗಟ್ಟಲೆ ಇಟ್ಟದ್ದರಲ್ಲಿ ಕೆಲವು ಮಿಲಿಮೀಟರ್ ಬರ್ತದೆ, ದಿನವಿಡೀ ಬಿಟ್ರೆ ಇನ್ನೂ ಹೆಚ್ಚು. ನಿಮ್ಮದು 3 ಸೆಂಟಿಮೀಟರ್ ತುಂಡು, ನಾಲ್ಕೂ ಕಡೆಯಿಂದ 6 ಮಿಲಿಮೀಟರ್ ಬಂತು ಅಂತ ಇಟ್ಕೊಳ್ಳಿ, ಉಳಿಯೋದು 18 ಮಿಲಿಮೀಟರ್ ಚೌಕ ಮಾತ್ರ, ಏರಿಯಾ ಲೆಕ್ಕದಲ್ಲಿ ಮೂರನೇ ಒಂದು ಭಾಗ ಚಿಲ್ಲರೆ. ಅದೇ 8 ಸೆಂಟಿಮೀಟರ್ ತುಂಡಾಗಿದ್ರೆ ಈ ಪ್ರಶ್ನೆಯೇ ಬರ್ತಿರ್ಲಿಲ್ಲ. ಹಾಗಾಗಿ ಮುಂದಿನ ಸಲ ಫಿಲ್ಮ್ ಉಳಿಸ್ಲಿಕ್ಕೆ ಹೋಗಿ ಸಣ್ಣ ತುಂಡು ಮಾಡ್ಬೇಡಿ, ನೀರಿನ ಕೆಲಸದಲ್ಲಿ ಸಣ್ಣ ತುಂಡು ದುಬಾರಿ.

ಕಣ್ಣಿಗೆ ಸರಿ ಕಾಣ್ತದೆ ಅಂತ ಬಿಡ್ಲಿಕ್ಕಾಗೋದಿಲ್ಲ, ಬಿಳಿ ಪಟ್ಟಿಯ ಗೆರೆಗಿಂತ ಒಳಗೂ ಸ್ವಲ್ಪ ದೂರ ವ್ಯತ್ಯಾಸ ಇರ್ತದೆ. ಸ್ಕ್ಯಾನ್ ಮಾಡಿದ ಇಮೇಜಲ್ಲಿ ನೀಲಿ ಚಾನೆಲ್ ಮಾತ್ರ ತೆಗೆದು ನೋಡಿ. ನೀಲಿ ಚಾನೆಲ್ ಡೋಸಿಗೆ ಅಷ್ಟಾಗಿ ಬದಲಾಗೋದಿಲ್ಲ, ಹಾಗಾಗಿ ಅಲ್ಲಿ ಅಂಚಿಂದ ಒಳಗೆ ಏನಾದ್ರೂ ಏರಿಳಿತ ಕಂಡ್ರೆ ಅದು ಡೋಸಿನದ್ದಲ್ಲ, ನೀರಿನದ್ದೋ ಲೇಯರ್ ದಪ್ಪದ್ದೋ ಆಗಿರ್ತದೆ. ಅಲ್ಲಿವರೆಗೆ ಕತ್ತರಿಸಿ ಬಿಡಿ, ಉಳಿದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡೀರಿ.

ಇನ್ನೊಂದು, ಕಂಟ್ರೋಲ್ ತುಂಡು ಇಟ್ಟಿದ್ರಾ? ಅಂದ್ರೆ ಡೋಸ್ ಕೊಡದ ತುಂಡು, ಅದೇ ಸೈಜು, ಅದೇ ಲಾಟು, ಅಷ್ಟೇ ಹೊತ್ತು ನೀರಲ್ಲಿ.

---

ಕುಡ್ಲ_ಸ್ಕ್ಯಾನರ್

ಇದಕ್ಕೆಲ್ಲ ಇಷ್ಟು ತಲೆಬಿಸಿ ಎಂತಕ್ಕೆ, ಹಂಪನಕಟ್ಟೆಯಲ್ಲಿ ಯಾವ ಜೆರಾಕ್ಸ್ ಅಂಗಡಿಗೆ ಹೋದ್ರೂ ಲ್ಯಾಮಿನೇಷನ್ ಮಾಡಿ ಕೊಡ್ತಾರೆ, ಆಮೇಲೆ ವಾರ ನೀರಲ್ಲಿಟ್ರೂ ಒಂದು ಹನಿ ಒಳಗೆ ಹೋಗೋದಿಲ್ಲ 😄

---

ಮಣ್ಣಪಳ್ಳ_ಫಿಸಿಸಿಸ್ಟ್

@ಕುಡ್ಲ_ಸ್ಕ್ಯಾನರ್ ತಮಾಷೆಗೆ ಹೇಳಿದ್ದು ಅಂತ ಗೊತ್ತು, ಆದ್ರೆ ಯಾರಾದ್ರೂ ನಿಜಕ್ಕೂ ಮಾಡ್ತಾರೆ ಅಂತ ಹೆದರಿಕೆಯಿಂದ ಹೇಳ್ತೇನೆ, ದಯವಿಟ್ಟು ಬೇಡ. ಲ್ಯಾಮಿನೇಷನ್ ಮೆಷಿನಿನ ರೋಲರ್ 100 ಡಿಗ್ರಿ ಮೇಲೆ ಇರ್ತದೆ. ಈ ಫಿಲ್ಮ್ ಅಷ್ಟು ಬಿಸಿ ತಾಳೋದಿಲ್ಲ. ಒಣಗಿಸ್ಲಿಕ್ಕೆ ಹೇರ್ ಡ್ರೈಯರ್ ಹಿಡಿಯೋರಿಗೂ ಇದೇ ಮಾತು, ಬಿಸಿಲಿಗೆ ಇಡೋರಿಗಂತೂ ಎರಡು ಪಟ್ಟು, ಯಾಕಂದ್ರೆ ಬಿಸಿಲಲ್ಲಿ ಬಿಸಿ ಮಾತ್ರ ಅಲ್ಲ, ಅಲ್ಟ್ರಾವಯಲೆಟ್ಟೂ ಉಂಟು, ಅದರಿಂದಲೂ ಫಿಲ್ಮ್ ಕಪ್ಪಾಗ್ತದೆ.

---

ರಥಬೀದಿ_ಕೆಮಿಸ್ಟ್ರಿ (ಉಡುಪಿ)

ನಾನು ರೇಡಿಯೇಷನ್ ಕಡೆಯವನಲ್ಲ, ಪಾಲಿಮರ್ ಕಲಿಸುವವ, ಆದ್ರೆ ಈ ಫಿಲ್ಮಿನ ಕೆಮಿಸ್ಟ್ರಿ ನಮ್ಮ ಕ್ಲಾಸಿಗೆ ಒಳ್ಳೆ ಉದಾಹರಣೆ, ಅದಕ್ಕೆ ಬಾಯಿ ಹಾಕ್ತೇನೆ.

ನಡುವಿನ ಲೇಯರಲ್ಲಿ ಇರೋದು ಪೆಂಟಕೋಸಾ-10,12-ಡೈಯ್ನೋಯಿಕ್ ಆ್ಯಸಿಡ್ಡಿನ ಲಿಥಿಯಂ ಲವಣ, ಸಣ್ಣ ಸಣ್ಣ ಹರಳುಗಳಾಗಿ. ಡೈಅಸೆಟಿಲೀನ್ ಜಾತಿಯ ಮೊನೊಮರ್. ಇದರ ವಿಶೇಷ ಎಂತ ಅಂದ್ರೆ ದ್ರಾವಣದಲ್ಲಿ ಅಲ್ಲ, ಗಟ್ಟಿ ಹರಳಿನ ಒಳಗೇ ಪಾಲಿಮರ್ ಆಗೋದು. ಮೊನೊಮರುಗಳು ಸಾಲಾಗಿ ಸರಿಯಾದ ಅಂತರದಲ್ಲಿ, ಸರಿಯಾದ ಓರೆಯಲ್ಲಿ ನಿಂತಿದ್ರೆ ಮಾತ್ರ ರೇಡಿಯೇಷನ್ ಬಿದ್ದಾಗ ಒಂದಕ್ಕೊಂದು ಕೈ ಹಿಡ್ಕೊಂಡು ಸರಪಳಿ ಆಗ್ತವೆ, ಆ ಸರಪಳಿಯೇ ನೀಲಿ ಬಣ್ಣ. ಬೆಳಕು ಹೆಚ್ಚು ಹೀರೋದು 636 ನ್ಯಾನೋಮೀಟರ್ ಆಸುಪಾಸು, ಇನ್ನೊಂದು ಸಣ್ಣ ಶಿಖರ 585ರ ಹತ್ರ. ಕೆಂಪು ಬೆಳಕಲ್ಲಿ ಓದಿದ್ರೆ ಸೆನ್ಸಿಟಿವಿಟಿ ಹೆಚ್ಚು ಅಂತ ನೀವು ಹೇಳೋದು ಇದಕ್ಕೇ.

ಈಗ ನೀರು. ಲಿಥಿಯಂ ಲವಣಕ್ಕೂ ನೀರಿಗೂ ಸ್ನೇಹ ಜಾಸ್ತಿ. ಹರಳಿನ ಜೋಡಣೆಯಲ್ಲಿ ನೀರಿಗೂ ಪಾಲು ಉಂಟು, ಹಾಗಾಗಿ ಹೆಚ್ಚು ನೀರು ಸೇರಿದ್ರೆ ಮಾತ್ರ ಅಲ್ಲ, ಇದ್ದ ನೀರನ್ನು ಪೂರ್ತಿ ಹಿಂಡಿ ತೆಗೆದ್ರೂ ಬಣ್ಣದ ಶಿಖರ ಜಾಗ ಬದಲಾಯಿಸ್ತದೆ. ಅಂದ್ರೆ ಒದ್ದೆ ಮಾಡೋದೂ ತಪ್ಪು, ಡೆಸಿಕೇಟರಲ್ಲಿ ಸಿಲಿಕಾ ಜೆಲ್ ಜೊತೆ ದಿನಗಟ್ಟಲೆ ಬತ್ತಿಸೋದೂ ತಪ್ಪು. ಒಣಗಿಸಿದ್ರೆ ಮೊದಲಿನ ಹಾಗೆ ಆಗ್ತದಾ ಅಂತ ಕೇಳಿದ್ರಲ್ಲ, ಬಟ್ಟೆ ಒಣಗಿದ ಹಾಗೆ ನೀರು ಹೋಗಿ ಎಲ್ಲ ಮೊದಲಿನಂತೆ ಆಗುವ ವಿಷಯ ಅಲ್ಲ ಇದು. ಮಸುಕು ಸ್ವಲ್ಪ ಕಡಿಮೆ ಆದೀತು, ಆದ್ರೆ ಹರಳಿನ ಜೋಡಣೆ ಒಮ್ಮೆ ಕೆಟ್ಟಲ್ಲಿ ಕೆಟ್ಟಿತು.

ಬಿಸಿಯದ್ದೂ ಇದೇ. ನೀಲಿ ಪಾಲಿಡೈಅಸೆಟಿಲೀನ್ ಬಿಸಿ ಆದ್ರೆ ಕೆಂಪಿಗೆ ತಿರುಗ್ತದೆ, ಲ್ಯಾಬಲ್ಲಿ ಮಕ್ಕಳಿಗೆ ತೋರಿಸ್ಲಿಕ್ಕೆ ಚಂದ, ನಿಮ್ಮ ಡೋಸ್ ಅಳತೆಗೆ ಶನಿ.

---

ಬಿಕರ್ನಕಟ್ಟೆ_ಹುಡುಗ

ಸರ್ ಇಬ್ರಿಗೂ ಥ್ಯಾಂಕ್ಸ್, ಯಾವ ಮ್ಯಾನುವಲಲ್ಲೂ ಇಷ್ಟು ಬಿಡಿಸಿ ಹೇಳಿರ್ಲಿಲ್ಲ. ನೀಲಿ ಚಾನೆಲ್ ತೆಗೆದು ನೋಡಿದೆ, ನಿಜ, ಕಣ್ಣಿಗೆ ಕಂಡ ಬಿಳಿ ಪಟ್ಟಿಗಿಂತ ಒಳಗೂ ಒಂದು ನೆರಳು ಉಂಟು. ಕಂಟ್ರೋಲ್ ತುಂಡು ಇಟ್ಟಿದ್ದೇವೆ, ಆದ್ರೆ ಅದು ನೀರಿಗೆ ಹಾಕಿದ್ದಲ್ಲ, ಕವರಲ್ಲಿ ಒಣಗಿಯೇ ಇತ್ತು, ಇಲ್ಲಿ ಎಲ್ರೂ ಹಾಗೆಯೇ ಮಾಡೋದು. ಈಗ ಹೊಸ ತುಂಡು ಒಂದನ್ನು ಡೋಸ್ ಕೊಡದೆ ಅಷ್ಟೇ ಹೊತ್ತು ಅದೇ ನೀರಲ್ಲಿ ಇಟ್ಟು ತೆಗೆದು, ಅದರ ಒಡಿ (ಆಪ್ಟಿಕಲ್ ಡೆನ್ಸಿಟಿ, ಅಂದ್ರೆ ಫಿಲ್ಮ್ ಎಷ್ಟು ಕಪ್ಪಾಗಿದೆ ಅನ್ನುವ ಅಳತೆ) ಎಷ್ಟು ಏರಿತೋ ಅಷ್ಟನ್ನು ಹಳೇ ತುಂಡುಗಳಿಂದ ಕಳೆದ್ರೆ ಆಯ್ತಲ್ಲ?

---

ಕಟಪಾಡಿ_ಕ್ಯೂಎ

ಅಷ್ಟು ಸುಲಭದಲ್ಲಿ ಆಗೋದಿಲ್ಲ ಅಂತ ನನ್ನ ಅಭಿಪ್ರಾಯ. ಮಣ್ಣಪಳ್ಳದವರ ಮಾತು ಒಪ್ತೇನೆ, ಆದ್ರೆ ಡೋಸ್ ಇಲ್ಲದ ಒಂದೇ ಕಂಟ್ರೋಲ್ ಸಾಲ್ದು. ನೀರಿಂದ ಒಡಿ ಎಷ್ಟು ಬದಲಾಗ್ತದೆ ಅನ್ನೋದು ಫಿಲ್ಮ್ ಮೊದಲು ಎಷ್ಟು ಕಪ್ಪಾಗಿತ್ತು ಅನ್ನೋದ್ರ ಮೇಲೂ ಉಂಟು. ಡೋಸ್ ಇಲ್ಲದ ತುಂಡಿಗೆ ಆದ ಬದಲಾವಣೆಯನ್ನು 5 ಗ್ರೇ (ಡೋಸಿನ ಯೂನಿಟ್) ತಿಂದ ತುಂಡಿಂದ ಕಳೆಯೋದು ಸರಿ ಅಲ್ಲ. ನಾವು ಮಾಡೋದು ಹೀಗೆ: ಒಂದು ತುಂಡು ಡೋಸ್ ಇಲ್ಲದ್ದು, ಒಂದೆರಡು ತುಂಡು ಲಿನ್ಯಾಕಲ್ಲಿ (ಹೊರಗಿಂದ ರೇಡಿಯೇಷನ್ ಕೊಡುವ ಮೆಷಿನ್) ಗೊತ್ತಿರುವ ಡೋಸ್ ಕೊಟ್ಟದ್ದು, ಎಲ್ಲ ಅಳತೆಯ ತುಂಡಿನ ಜೊತೆಗೇ ನೀರಿಗೆ, ಜೊತೆಗೇ ಹೊರಗೆ. ಗೊತ್ತಿರುವ ಡೋಸ್ ತುಂಡು ಎಷ್ಟು ತಪ್ಪು ಓದ್ತದೆ ನೋಡಿದ್ರೆ ನೀರಿನ ಆಟ ಆ ಮಟ್ಟದಲ್ಲಿ ಎಷ್ಟು ಅಂತ ನೇರ ಗೊತ್ತಾಗ್ತದೆ, ಊಹೆ ಬೇಡ.

ಅದಕ್ಕಿಂತ ಒಳ್ಳೇದು ಕ್ಯಾಲಿಬ್ರೇಷನ್ನೇ (ಗೊತ್ತಿರುವ ಡೋಸಿಗೆ ಫಿಲ್ಮ್ ಎಷ್ಟು ಕಪ್ಪಾಗ್ತದೆ ಅಂತ ಮೊದಲೇ ನೋಡಿಡೋದು) ಒದ್ದೆಯಲ್ಲಿ ಮಾಡೋದು. ಕ್ಯಾಲಿಬ್ರೇಷನ್ ಒಣ ಸ್ಲ್ಯಾಬಲ್ಲಿ, ಅಳತೆ ನೀರಲ್ಲಿ ಅಂದ್ರೆ ಅಲ್ಲಿಯೇ ಗಲಾಟೆ ಶುರು. ಎರಡೂ ಕಡೆ ಅಷ್ಟೇ ಹೊತ್ತು ನೀರು, ಅಷ್ಟೇ ಹೊತ್ತು ಒಣಗೋದು, ಅಷ್ಟೇ ಹೊತ್ತಿಗೆ ಸ್ಕ್ಯಾನ್ ಆದ್ರೆ ಅರ್ಧ ಜಗಳ ತನ್ನಷ್ಟಕ್ಕೇ ಮುಗೀತದೆ. ಈ "ಅಷ್ಟೇ ಹೊತ್ತು" ಯಾಕೆ ಅಂದ್ರೆ ಡೋಸ್ ಬಿದ್ದ ಮೇಲೂ ಪಾಲಿಮರ್ ಬೆಳೀತಾ ಇರ್ತದೆ, ಮೊದಲ ಕೆಲವು ಗಂಟೆ ಜೋರು, ಆಮೇಲೆ ನಿಧಾನ, ಅದಕ್ಕೇ ಸಾಮಾನ್ಯ 24 ಗಂಟೆ ಬಿಟ್ಟು ಸ್ಕ್ಯಾನ್ ಮಾಡೋದು. ನೀರಿಂದ ತೆಗೆದ ಫಿಲ್ಮಲ್ಲಿ ಒಣಗ್ತಾ ಒಣಗ್ತಾ ಆಗುವ ಬದಲಾವಣೆಯೂ ಇದರ ಮೇಲೆಯೇ ಕೂತಿರ್ತದೆ, ಎರಡನ್ನೂ ಬೇರೆ ಬೇರೆ ಮಾಡ್ಲಿಕ್ಕೆ ಹೊರಟ್ರೆ ತಲೆ ಕೆಡ್ತದೆ, ಟೈಮ್ ಒಂದೇ ಇಟ್ಟುಬಿಡೋದು ಸುಲಭ.

ಇನ್ನು ನನಗೆ ನಿಜ ಹೇಳ್ಬೇಕು ಅಂದ್ರೆ ನೀವು ನೀರಿನ ಬಗ್ಗೆ ಹೆದರಿದಷ್ಟು ದೂರದ ಬಗ್ಗೆ ಹೆದರಿಲ್ಲ. ಇರಿಡಿಯಂ ಸೋರ್ಸಿಂದ 1 ಸೆಂಟಿಮೀಟರಲ್ಲಿ ಫಿಲ್ಮ್ ಇಟ್ಟಿದ್ದೀರಿ ಅಂತ ಲೆಕ್ಕ ಹಾಕಿ. ಡೋಸ್ ಹೆಚ್ಚುಕಮ್ಮಿ ದೂರದ ವರ್ಗಕ್ಕೆ ತಕ್ಕಂತೆ ಇಳೀತದೆ. ಫಿಲ್ಮ್ 1 ಮಿಲಿಮೀಟರ್ ಆಚೆ ಸರಿದ್ರೆ 1.1ರ ವರ್ಗ 1.21, ಅಂದ್ರೆ ಡೋಸಲ್ಲಿ ಹತ್ತಿರ ಹತ್ತಿರ 17 ಪರ್ಸೆಂಟ್ ಕಮ್ಮಿ, ಈಚೆ ಸರಿದ್ರೆ ಇನ್ನೂ ಹೆಚ್ಚು ವ್ಯತ್ಯಾಸ. ಮಧ್ಯ ಭಾಗದಲ್ಲಿ ನೀರು ಮಾಡುವ ಹಾನಿ ಇದರ ಎದುರು ಏನೂ ಅಲ್ಲ. ಸಣ್ಣ ತುಂಡು ಪರ್ಸ್‌ಪೆಕ್ಸ್ ಸ್ಟ್ಯಾಂಡಲ್ಲಿ ಎಷ್ಟು ಸಡಿಲ ಕೂತಿದೆ, ಸೋರ್ಸ್ ಕ್ಯಾತಿಟರ್ (ಸೋರ್ಸ್ ಓಡುವ ಸಪೂರ ಕೊಳವೆ) ಒಳಗೆ ಎಷ್ಟು ಅಲ್ಲಾಡ್ತದೆ, ಅದನ್ನು ಮೊದಲು ನೋಡಿ. ಫಿಲ್ಮ್ ತುದಿ ನೀರಲ್ಲಿ ಬಾಗಿದ್ರೆ ಅದೂ ಸೇರ್ತದೆ.

ಮತ್ತೆ ಗುಳ್ಳೆ! ಟ್ಯಾಪ್ ನೀರು ಆಗಷ್ಟೇ ತುಂಬಿಸಿ ಫಿಲ್ಮ್ ಇಳಿಸಿದ್ರೆ ಒಂದು ಹೊತ್ತಲ್ಲಿ ಮೈಮೇಲೆ ಸಣ್ಣ ಸಣ್ಣ ಗುಳ್ಳೆ ಅಂಟ್ತವೆ, ಟಾರ್ಚ್ ಓರೆ ಹಿಡಿದು ನೋಡಿ, ಬೆಳ್ಳಗೆ ಮಿನುಗ್ತದೆ. ಡಿಸ್ಟಿಲ್ಡ್ ನೀರು ತುಂಬಿಸಿ ರಾತ್ರಿಯಿಡೀ ಹಾಗೇ ಬಿಟ್ಟು, ಬೆಳಗ್ಗೆ ರೂಮಿನ ಟೆಂಪರೇಚರಿಗೆ ಬಂದ ಮೇಲೆ ಕೆಲಸ ಮಾಡಿದ್ರೆ ಗುಳ್ಳೆಯೂ ಕಮ್ಮಿ, ಒಣಗಿದ ಮೇಲೆ ಬಿಳಿ ಕಲೆಯೂ ಕಮ್ಮಿ. ಬೋರ್‌ವೆಲ್ ನೀರಿನ ಕಲೆ ಸ್ಕ್ಯಾನಲ್ಲಿ ಚುಕ್ಕಿ ಚುಕ್ಕಿಯಾಗಿ ಬರ್ತದೆ, ಅದನ್ನು ಡೋಸ್ ಅಂತ ಗ್ರಾಫ್ ಹಾಕಿದ ಪ್ರಾಜೆಕ್ಟ್ ರಿಪೋರ್ಟು ಓದಿದ್ದೇನೆ, ಯಾರದ್ದು ಅಂತ ಹೇಳೋದಿಲ್ಲ.

---

ಮಣ್ಣಪಳ್ಳ_ಫಿಸಿಸಿಸ್ಟ್

ಕಟಪಾಡಿಯವರು ಹೇಳಿದ್ದು ಸರಿ, ಡೋಸ್ ಕೊಟ್ಟ ಕಂಟ್ರೋಲೂ ಬೇಕು. ಒಂದು ಸೇರಿಸ್ತೇನೆ, ಪ್ರತಿ ತುಂಡನ್ನೂ ನೀರಿಗೆ ಹಾಕುವ ಮೊದಲೇ ಒಂದು ಸಲ ಸ್ಕ್ಯಾನ್ ಮಾಡಿ ಇಡಿ, ಮೂಲೆಯಲ್ಲಿ ಮಾರ್ಕರಲ್ಲಿ ನಂಬರ್ ಮತ್ತು ಶೀಟಿನ ದಿಕ್ಕು ಹಾಕಿ. ಫಿಲ್ಮನ್ನು ಉದ್ದಕ್ಕೆ ಇಟ್ರೆ ಒಂದು ರೀಡಿಂಗ್, ಅಡ್ಡಕ್ಕೆ ಇಟ್ರೆ ಇನ್ನೊಂದು, ಚೌಕ ತುಂಡಲ್ಲಿ ನಂಬರ್ ಇಲ್ಲದಿದ್ರೆ ಯಾವುದು ಯಾವ ದಿಕ್ಕು ಅಂತ ದೇವರಿಗೇ ಗೊತ್ತು. ನೀರಲ್ಲಿ ಮಾರ್ಕರ್ ಇಂಕು ಕರಗದ ಹಾಗೆ ನೋಡ್ಕೊಳ್ಳಿ, ಪರ್ಮನೆಂಟ್ ಇದ್ರೆ ಸಾಕು.

---

ಸುರತ್ಕಲ್_ಎಕ್ಸ್‌ರೇ

ವಿಷಯ ಸ್ವಲ್ಪ ಬೇರೆ, ಆದ್ರೆ ಇಲ್ಲಿ ತಿಳಿದವರು ಇದ್ದೀರಿ ಅಂತ ಕೇಳ್ತೇನೆ. ನಾವು ಎಕ್ಸ್‌ರೇ ಟೆಕ್ನಿಷಿಯನ್‌ಗಳು ಎದೆಗೆ ಹಾಕುವ ಬ್ಯಾಡ್ಜ್ ಉಂಟಲ್ಲ, ಮೂರು ತಿಂಗಳಿಗೊಮ್ಮೆ ಕಳಿಸೋದು, ಅದರೊಳಗೂ ಇದೇ ಫಿಲ್ಮಾ? ನಮ್ಮಲ್ಲಿ ಒಬ್ಬರ ಬ್ಯಾಡ್ಜ್ ಏಪ್ರನ್ ಜೊತೆ ವಾಷಿಂಗ್ ಮೆಷಿನಲ್ಲಿ ಒಂದು ಸುತ್ತು ಹೊಡೆದು ಬಂದಿದೆ 🤦 ಮಳೆಗಾಲದಲ್ಲಿ ಬೈಕಲ್ಲಿ ಬರುವಾಗ ಒದ್ದೆ ಆಗೋದಂತೂ ದಿನಾ ಉಂಟು.

---

ಮಣ್ಣಪಳ್ಳ_ಫಿಸಿಸಿಸ್ಟ್

ಅಲ್ಲ, ಈಗ ಅದರಲ್ಲಿ ಫಿಲ್ಮ್ ಇಲ್ಲ. ಹಿಂದೆ ನಿಜವಾದ ಫಿಲ್ಮ್ ಬ್ಯಾಡ್ಜ್ ಇತ್ತು, ಫೋಟೋ ಫಿಲ್ಮಿನ ಹಾಗೆ ಬೆಳ್ಳಿ ಲವಣ ಜೆಲಟಿನಲ್ಲಿ ಹರಡಿದ್ದು, ಡಾರ್ಕ್‌ರೂಮಲ್ಲಿ ತೊಳೆದು ಕಪ್ಪು ಎಷ್ಟಾಗಿದೆ ನೋಡೋದು. ನಮ್ಮ ಊರಿನಂಥ ಹವೆಗೆ ಅದು ಹೇಳಿಮಾಡಿಸಿದ್ದಲ್ಲ. ಸೆಕೆ, ತೇವ ಎರಡೂ ಸೇರಿದ್ರೆ ಡೆವಲಪ್ ಮಾಡುವ ಮೊದಲೇ ಒಳಗಿನ ಇಮೇಜ್ ಮಾಸ್ತಾ ಹೋಗ್ತದೆ, ಅಂದ್ರೆ ತಿಂದ ಡೋಸ್ ಕಮ್ಮಿ ಕಾಣ್ತದೆ. 1970ರ ದಶಕದಲ್ಲಿ ನಮ್ಮ ದೇಶ ಟಿಎಲ್‌ಡಿ (ಥರ್ಮೋಲ್ಯೂಮಿನೆಸೆಂಟ್ ಡೋಸಿಮೀಟರ್) ಬ್ಯಾಡ್ಜಿಗೆ ಹೋಯ್ತು. ಈಗ ನಿಮ್ಮ ಎದೆ ಮೇಲೆ ಇರೋದು ಅದೇ, ಟೆಫ್ಲಾನ್ ಜೊತೆ ಕಲಸಿದ ಕ್ಯಾಲ್ಸಿಯಂ ಸಲ್ಫೇಟ್ ಡಿಸ್ಪ್ರೋಸಿಯಂನ ಮೂರು ಬಿಲ್ಲೆ, ಒಂದು ಲೋಹದ ಕಾರ್ಡಿಗೆ ಕೂರಿಸಿದ್ದು. ಬಿಸಿ ಮಾಡಿದಾಗ ಬೆಳಕು ಕೊಡ್ತದೆ, ಆ ಬೆಳಕು ಎಷ್ಟು ಅಂತ ಅಳೆದು ಡೋಸ್ ಹೇಳೋದು.

ಟೆಫ್ಲಾನ್ ನೀರು ಹೀರೋದಿಲ್ಲ, ಹಾಗಾಗಿ ಬೈಕಲ್ಲಿ ಮಳೆ ಹನಿ ಬಿದ್ದದ್ದಕ್ಕೆ ಅಷ್ಟು ಹೆದರ್ಬೇಡಿ. ವಾಷಿಂಗ್ ಮೆಷಿನ್ ಬೇರೆ ಕಥೆ, ಸಾಬೂನು ಪುಡಿ ಬಿಲ್ಲೆ ಮೇಲೆ ಕೂತ್ರೆ ಬಿಸಿ ಮಾಡುವಾಗ ಅದೂ ಸುಳ್ಳು ಬೆಳಕು ಕೊಟ್ಟೀತು, ಒಳಗೆ ಸುತ್ತಿದ ಪೇಪರ್ ಹಾಳಾಗಿ ನಂಬರ್ ಅಳಿಸಿರ್ಬಹುದು. ಬಿಚ್ಚಿ ಒರೆಸ್ಲಿಕ್ಕೆ ಹೋಗ್ಬೇಡಿ. ನಿಮ್ಮ ಆರ್‌ಎಸ್‌ಒಗೆ (ರೇಡಿಯೇಷನ್ ಸೇಫ್ಟಿ ಆಫೀಸರ್) ತಿಳಿಸಿ, ಹೀಗೆ ಆಗಿದೆ ಅಂತ ಬರೆದು ಜೊತೆಗೆ ಕಳಿಸಿ. ಅವರಿಗೆ ಗೊತ್ತಿದ್ರೆ ರೀಡಿಂಗ್ ವಿಚಿತ್ರ ಬಂದಾಗ ನಿಮ್ಮವರನ್ನು ವಿಚಾರಣೆಗೆ ಕೂರಿಸೋದು ತಪ್ಪೀತು.

---

ಬಿಕರ್ನಕಟ್ಟೆ_ಹುಡುಗ

ನಿನ್ನೆ ಗೈಡ್ ಹತ್ರ ಮಾತಾಡಿದೆ, ಹೊಸ ಶೀಟ್ ಕೊಟ್ಟಿದ್ದಾರೆ, ದೊಡ್ಡ ತುಂಡು, ಗಿಲೋಟಿನ್, ಒದ್ದೆ ಕ್ಯಾಲಿಬ್ರೇಷನ್ ಮೂರಕ್ಕೂ ಒಪ್ಪಿದ್ದಾರೆ. ಹಳೇ ತುಂಡಲ್ಲಿ ಬೇಗ ತೆಗೆದದ್ದನ್ನು ಮಾತ್ರ ಇಟ್ಕೊಳ್ತೇವೆ. ಒಂದೇ ಒಂದು ಕೊನೇ ಡೌಟು. ಅಂಚಿಗೆ ನೈಲ್ ಪಾಲಿಶ್ ಹಚ್ಚಿದ್ರೆ ಹೇಗೆ, ಅಥವಾ ತೆಳು ಪ್ಲಾಸ್ಟಿಕ್ ಕವರಲ್ಲಿ ಹಾಕೋದಾ? ಮತ್ತೆ ಒರೆಸೋದು ಹೇಗೆ?

---

ಕಟಪಾಡಿ_ಕ್ಯೂಎ

ನೈಲ್ ಪಾಲಿಶ್ ಬೇಡ, ಅದರ ಸಾಲ್ವೆಂಟ್ ನಡುವಿನ ಲೇಯರಿಗೆ ಎಂತ ಮಾಡ್ತದೆ ಅಂತ ನೋಡ್ಲಿಕ್ಕೆ ಇನ್ನೊಂದು ಪ್ರಾಜೆಕ್ಟ್ ಬೇಕಾಗ್ತದೆ. ಕವರ್ ಹಾಕಿದ್ರೆ ಒಳಗೆ ಗಾಳಿ ಉಳೀತದೆ, ಸೋರ್ಸ್ ಅಷ್ಟು ಹತ್ತಿರ ಇರುವಾಗ ಗಾಳಿಯ ಪದರವೂ ದೂರದ ಲೆಕ್ಕವೂ ಎರಡೂ ಕೆಡ್ತವೆ. ನೀರಲ್ಲಿ ಇರುವ ಹೊತ್ತು ಕಮ್ಮಿ ಮಾಡಿ ಸಾಕು. ಸೆಟಪ್ ಪೂರ್ತಿ ಮುಗಿಸಿ, ಪ್ಲಾನ್ ಲೋಡ್ ಆಗಿ, ಡಮ್ಮಿ ಸೋರ್ಸ್ (ದಾರಿ ಸರಿ ಉಂಟಾ ನೋಡುವ, ರೇಡಿಯೇಷನ್ ಇಲ್ಲದ ಸೋರ್ಸ್) ಒಮ್ಮೆ ಹೋಗಿ ಬಂದ ಮೇಲೆ ಕೊನೆಗೆ ಫಿಲ್ಮ್ ಇಳಿಸಿ. ಪೇಷಂಟ್ ಬಂದ್ರೆ ಹೊರಗೆ ಹೋಗುವ ಮೊದಲು ಸ್ಟ್ಯಾಂಡನ್ನು ನೀರಿಂದ ಎತ್ತಿ ಇಡಿ, ಅಷ್ಟೇ.

ಒರೆಸೋದು ಉಜ್ಜಿ ಅಲ್ಲ, ಲಿಂಟ್ ಇಲ್ಲದ ಟಿಶ್ಯೂ ಮಧ್ಯೆ ಇಟ್ಟು ಮೆಲ್ಲ ಒತ್ತಿ, ಆಮೇಲೆ ಕತ್ತಲೆ ಡ್ರಾಯರಲ್ಲಿ ಅಡ್ಡಕ್ಕೆ ಮಲಗಿಸಿ. ಪೂರ್ತಿ ಒಣಗದೆ ಸ್ಕ್ಯಾನರ್ ಗಾಜಿನ ಮೇಲೆ ಇಟ್ರೆ ಅಂಟಿ ಕಲೆ ಬೀಳ್ತದೆ. ಜೂನ್ ಬಂದ ಮೇಲೆ ಇಲ್ಲಿ ಹಾಗೇ ಬಿಟ್ಟ ಫಿಲ್ಮ್ ಒಣಗೋದೇ ಇಲ್ಲ, ರಾತ್ರಿ ಎಸಿ ಬಂದ್ ಮಾಡುವ ಡಿಪಾರ್ಟ್‌ಮೆಂಟ್ ಆಗಿದ್ರೆ ಸ್ಕ್ಯಾನರ್ ಗಾಜಿನ ಒಳಬದಿಯಲ್ಲೂ ಮಬ್ಬು ಕೂತಿರ್ತದೆ. ಬೆಳಗ್ಗೆ ಎಸಿ ಹಾಕಿ, ಖಾಲಿ ಗಾಜನ್ನು ಕೆಲವು ಸಲ ಸ್ಕ್ಯಾನ್ ಮಾಡಿ, ಆ ಖಾಲಿ ಸ್ಕ್ಯಾನಿನ ರೀಡಿಂಗ್ ಏರಿಳಿಯೋದು ನಿಂತ ಮೇಲೆ ಫಿಲ್ಮ್ ಇಡಿ. ಟ್ರಾನ್ಸ್‌ಮಿಷನ್ ಮೋಡ್, 48 ಬಿಟ್, 72 ಡಿಪಿಐ, ಕಲರ್ ಕರೆಕ್ಷನ್ ಎಲ್ಲ ಆಫ್.